ತೋಳ ಕೆಳಗೆ ನೋಡಿದ ಮೇಲೆಯೇ ಯಾಕೆ ಬೀಳುತ್ತದೆ?

ಬೇಸಿಗೆ ರಜೆ. ಬಾಗಲಕೋಟೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಅಣ್ಣನ ಮಗ ಫ್ಯಾನಿನ ಕೆಳಗೆ ಅಂಗಾತ ಮಲಗಿ ಮೊಬೈಲಿನಲ್ಲಿ ಹಳೇ ಕಾರ್ಟೂನ್ ನೋಡುತ್ತಿದ್ದ. ಒಂದು ಬಡಕಲು ತೋಳ ಪಕ್ಷಿಯೊಂದನ್ನು ಅಟ್ಟಿಸಿಕೊಂಡು ಬಂದು ಬೆಟ್ಟದ ಅಂಚು ದಾಟಿತು. ಗಾಳಿಯಲ್ಲೇ ನಾಲ್ಕು ಹೆಜ್ಜೆ ಓಡಿತು, ನಿಂತಿತು, ಕೆಳಗೆ ನೋಡಿತು. ಆಮೇಲೆ ಬಿತ್ತು. ಹುಡುಗ ಎದ್ದು ಕೂತು ಕೇಳಿದ: "ಕಾಕಾ, ಅದು ಕೆಳಗ ನೋಡಿದ ಮ್ಯಾಲನ ಯಾಕ ಬೀಳತೈತಿ? ಮೊದಲ ಯಾಕ ಬೀಳಂಗಿಲ್ಲ?"

ನಾನೂ ಅವನ ವಯಸ್ಸಿನಲ್ಲಿ ಇದನ್ನೇ ನೋಡಿ ನಕ್ಕವನು. ಆಲಮಟ್ಟಿ ಹಿನ್ನೀರು ಬಂದು ನವನಗರಕ್ಕೆ ಹೋಗುವ ಮೊದಲು ನಾವು ಹಳೇ ಬಾಗಲಕೋಟೆಯಲ್ಲಿದ್ದೆವು. ಓಣಿಯಲ್ಲಿ ಕೇಬಲ್ ಇದ್ದದ್ದು ಒಂದೇ ಮನೆಯಲ್ಲಿ. ಶಾಲೆ ಬಿಟ್ಟ ಮೇಲೆ ಚೀಲ ಒಗೆದು ಆ ಮನೆಯ ಹೊಸ್ತಿಲ ಮುಂದೆ ಹತ್ತು-ಹನ್ನೆರಡು ಜನ ಸೇರುತ್ತಿದ್ದೆವು. ಇಲಿ ಇನ್ನೇನು ಬೆಕ್ಕಿನ ಕೈಗೆ ಸಿಗಬೇಕು, ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಮುಂದೇನಾಯಿತು ಅಂತ ರಾತ್ರಿಯವರೆಗೂ ವಾದ ಮಾಡುತ್ತಿದ್ದೆವು. ಅಷ್ಟು ನೋಡಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹುಡುಗನಿಗೆ ಕೊಟ್ಟ ಉತ್ತರ ಇಲ್ಲಿದೆ. ಸ್ವಲ್ಪ ಉದ್ದವಾಯಿತು, ಯಾಕೆಂದರೆ ಉತ್ತರ ಶುರುವಾಗುವುದು ಬೆಟ್ಟದ ಮೇಲಲ್ಲ, ಚಿತ್ರ ಬರೆಯುವವರ ಮೇಜಿನ ಮೇಲೆ.

ಅಟ್ಟಿಸಿಕೊಂಡು ಹೋಗುವುದೇ ಕಥೆ

ಇವುಗಳಿಗೆ ಬೆನ್ನಟ್ಟುವ ಕಾರ್ಟೂನ್ ಅನ್ನಬಹುದು. ಒಬ್ಬ ಹಿಡಿಯಬೇಕು, ಇನ್ನೊಬ್ಬ ತಪ್ಪಿಸಿಕೊಳ್ಳಬೇಕು. ಕಥೆ ಅಷ್ಟೇ. ನೋಡುವವರಿಗೆ ಮೊದಲೇ ಗೊತ್ತಿರುತ್ತದೆ, ಇಲಿ ಸಿಗಲ್ಲ. ಹಾಗಾಗಿ ಸಿಗುತ್ತದೋ ಇಲ್ಲವೋ ಅನ್ನುವ ಕುತೂಹಲ ಇರಲ್ಲ. ಈ ಸಲ ಹೇಗೆ ತಪ್ಪಿಸಿಕೊಳ್ಳುತ್ತದೆ ಅನ್ನುವುದೊಂದೇ ಉಳಿಯುತ್ತದೆ. ನಗಿಸುವ ಒಂದೊಂದು ಚಿಕ್ಕ ತುಣುಕಿಗೆ ಆ ಕೆಲಸದವರು 'ಗ್ಯಾಗ್' ಅನ್ನುತ್ತಾರೆ. ಏಳು ನಿಮಿಷದ ಒಂದು ಕಾರ್ಟೂನ್ ಅಂದರೆ ಗ್ಯಾಗ್‌ಗಳನ್ನು ಹೂವಿನ ಹಾಗೆ ಪೋಣಿಸಿದ ಮಾಲೆ.

ನಮಗೆ ಗೊತ್ತಿರುವ ಜೋಡಿಗಳಲ್ಲಿ ದೊಡ್ಡದು ಟಾಮ್ ಅಂಡ್ ಜೆರ್ರಿ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಅಮೆರಿಕದ ಎಂಜಿಎಂ ಸ್ಟುಡಿಯೋದಲ್ಲಿ ಇದನ್ನು ಶುರು ಮಾಡಿದ್ದು 1940ರಲ್ಲಿ. ಮೊದಲ ಚಿತ್ರದಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಈಗಿನ ಹೆಸರುಗಳು ಬಂದದ್ದು ಆಮೇಲೆ. 1958ರವರೆಗೆ ಈ ಇಬ್ಬರ 114 ಚಿತ್ರ ತೆರೆಗೆ ಬಂದವು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂತು. ನಾವು ಟಿವಿಯ ಮಕ್ಕಳ ಕಾರ್ಯಕ್ರಮ ಅಂದುಕೊಂಡದ್ದು ಅಸಲಿಗೆ ಟಿವಿಗಾಗಿ ಮಾಡಿದ್ದೇ ಅಲ್ಲ. ಅವು ಥಿಯೇಟರಿನಲ್ಲಿ ಸಿನಿಮಾದ ಜೊತೆ ದೊಡ್ಡವರಿಗೂ ಮಕ್ಕಳಿಗೂ ಒಟ್ಟಿಗೆ ತೋರಿಸಲು ಮಾಡಿದವು.

ಹುಡುಗ ನೋಡುತ್ತಿದ್ದ ತೋಳ ಮತ್ತು ಪಕ್ಷಿ ಬಂದದ್ದು 1949ರಲ್ಲಿ, ವಾರ್ನರ್ ಬ್ರದರ್ಸ್ ಸ್ಟುಡಿಯೋದಿಂದ. ನಿರ್ದೇಶಕ ಚಕ್ ಜೋನ್ಸ್, ಕಥೆ ಮೈಕೆಲ್ ಮಾಲ್ಟೀಸ್. ಆ ಪ್ರಾಣಿ ನಮ್ಮ ತೋಳ ಅಲ್ಲ. ಕಯೋಟಿ ಅಂತ, ಅಮೆರಿಕದಲ್ಲಿರುವ ತೋಳ-ನರಿಗಳ ಬಳಗದ್ದು. ಪಕ್ಷಿಯ ಹೆಸರು ರೋಡ್‌ರನ್ನರ್. ಅದು ಕೋಗಿಲೆಯ ಕುಲಕ್ಕೆ ಸೇರಿದ್ದು. ನಮ್ಮ ಹೊಲದ ಬೇಲಿಯಲ್ಲಿ ನೆಲದ ಮೇಲೆ ನಡೆದುಕೊಂಡು ಹುಳ ಹೆಕ್ಕುವ ಕೆಂಬೂತ ಇದೆಯಲ್ಲ, ಅದಕ್ಕೆ ದೂರದ ನೆಂಟ. ನಿಜವಾದ ಓಟದಲ್ಲಿ ಆ ಪಕ್ಷಿ ಗಂಟೆಗೆ ಸುಮಾರು 30 ಕಿಲೋಮೀಟರ್ ಓಡಿದರೆ ಕಯೋಟಿ 60ಕ್ಕೂ ಜಾಸ್ತಿ ಓಡಬಲ್ಲದು. ಅಂದರೆ ಕಾರ್ಟೂನು ಲೆಕ್ಕವನ್ನೇ ತಿರುವಿ ಹಾಕಿದೆ.

ಚಿತ್ರ ಓಡುವುದಿಲ್ಲ, ನಾವು ಓಡಿಸುತ್ತೇವೆ

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ನಿಂತ ಚಿತ್ರಗಳು ಹಾದುಹೋಗುತ್ತವೆ. ಒಂದೊಂದಕ್ಕೂ ಫ್ರೇಮ್ ಅಂತ ಹೆಸರು. ಯಾವುದೂ ಅಲುಗಾಡಲ್ಲ. ಒಂದರಲ್ಲಿ ಕಾಲು ಇಲ್ಲಿ, ಮುಂದಿನದರಲ್ಲಿ ಚೂರು ಆಚೆ. ಇಷ್ಟು ಬೇಗ ಬಂದರೆ ನಮ್ಮ ಮೆದುಳು ಅವನ್ನು ಬೇರೆ ಬೇರೆ ಅಂತ ನೋಡದೆ ಒಂದೇ ಚಲನೆ ಅಂತ ಸೇರಿಸಿಕೊಳ್ಳುತ್ತದೆ. ಜಾತ್ರೆಯಲ್ಲಿ ಸರಪಳಿ ದೀಪಗಳು ಒಂದಾದ ಮೇಲೊಂದು ಹೊತ್ತಿ ಆರಿದಾಗ ಬೆಳಕೇ ಓಡಿದ ಹಾಗೆ ಕಾಣುತ್ತದಲ್ಲ, ಹಾಗೆ. ದೀಪ ಇದ್ದ ಕಡೆಯೇ ಇರುತ್ತದೆ.

ಈಗ ಗುಣಾಕಾರ ಮಾಡಿ. ಏಳು ನಿಮಿಷಕ್ಕೆ 420 ಸೆಕೆಂಡ್. 24ರಿಂದ ಗುಣಿಸಿದರೆ 10,080 ಫ್ರೇಮ್. ಅಷ್ಟನ್ನೂ ಕೈಯಲ್ಲಿ ಬರೆಯಬೇಕೇ? ಎಲ್ಲ ಕಡೆ ಬೇಡ. ಸಾಧಾರಣ ಚಲನೆಗೆ ಒಂದೇ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸಾಕು, ಕಣ್ಣಿಗೆ ಗೊತ್ತಾಗಲ್ಲ. ಆಗ ಸೆಕೆಂಡಿಗೆ 12 ಚಿತ್ರ. ತೀರಾ ಜೋರಾದ ಓಟ ಬಂದಾಗ ಮಾತ್ರ 24ಕ್ಕೆ 24 ಬರೆಯುತ್ತಾರೆ. ಆದರೂ ಲೆಕ್ಕ ಸಾವಿರಗಳಲ್ಲೇ ಇರುತ್ತದೆ. ಬೆಕ್ಕು, ಇಲಿ, ನಾಯಿ ಮೂರೂ ಒಟ್ಟಿಗೆ ಓಡಿದರೆ ಮೂರಕ್ಕೂ ಬೇರೆ ಬೇರೆ ಬರೆಯಬೇಕಲ್ಲ.

ಈ ಕೆಲಸ ಒಬ್ಬರದಲ್ಲ. ಅನುಭವಿ ಕಲಾವಿದರು ಮುಖ್ಯ ಭಂಗಿಗಳನ್ನು ಮಾತ್ರ ಬರೆಯುತ್ತಾರೆ: ಬೆಕ್ಕು ಜಿಗಿಯುವ ಮೊದಲು, ಗಾಳಿಯಲ್ಲಿದ್ದಾಗ, ಗೋಡೆಗೆ ಅಪ್ಪಳಿಸಿದಾಗ. ಇವು ಕೀ ಚಿತ್ರಗಳು. ನಡುವಿನ ಜಾಗ ತುಂಬಿಸುವುದು ಕಿರಿಯರ ಕೆಲಸ. ಅವರಿಗೆ ಇನ್‌ಬಿಟ್ವೀನರ್ ಅನ್ನುತ್ತಾರೆ. ಮನೆ ಮುಂದೆ ರಂಗೋಲಿ ಹಾಕುವಾಗ ಅವ್ವ ಚುಕ್ಕಿ ಇಟ್ಟು ಹೋಗುತ್ತಾಳೆ, ತಂಗಿ ಗೆರೆ ಸೇರಿಸುತ್ತಾಳೆ. ಚುಕ್ಕಿ ತಪ್ಪಾದರೆ ಗೆರೆ ಎಷ್ಟೇ ಚಂದ ಇದ್ದರೂ ರಂಗೋಲಿ ಸೊಟ್ಟ.

ಸೆರಗು ಬೇರೆ, ಒಡಲು ಬೇರೆ

ಪ್ರತಿ ಚಿತ್ರದಲ್ಲೂ ಬೆಕ್ಕಿನ ಹಿಂದಿರುವ ಗೋಡೆ, ಕುರ್ಚಿ, ಕಿಟಕಿ ಮತ್ತೆ ಮತ್ತೆ ಬರೆದರೆ ಜನ್ಮ ಸಾಲದು. ಇದಕ್ಕೆ ಉಪಾಯ ಸಿಕ್ಕಿದ್ದು 1914ರ ಹೊತ್ತಿಗೆ, ಅರ್ಲ್ ಹರ್ಡ್ ಎಂಬ ಅಮೆರಿಕದ ಕಲಾವಿದನಿಂದ. ಆಚೆ ಬದಿ ಕಾಣುವ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಪಾತ್ರವನ್ನಷ್ಟೇ ಬರೆದು, ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು ಫೋಟೋ ತೆಗೆಯುವುದು. ಈ ಹಾಳೆಗೆ ಸೆಲ್ ಅಂತ ಹೆಸರು. ಮುಂದಿನ ಬದಿಗೆ ಶಾಯಿಯ ಗೆರೆ, ಹಿಂದಿನ ಬದಿಗೆ ಬಣ್ಣ. ಹಿನ್ನೆಲೆ ಒಂದೇ, ಮೇಲಿನ ಹಾಳೆಗಳು ಮಾತ್ರ ಬದಲು.

ಇಳಕಲ್ ಸೀರೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಉಟ್ಟ ಮೇಲೆ ನೋಡಿದರೆ ಒಂದೇ ಬಟ್ಟೆ.

ಚಿಕ್ಕವರಿದ್ದಾಗ ನಾವು ಒಂದು ಪಂದ್ಯ ಆಡುತ್ತಿದ್ದೆವು. ಟಾಮ್ ಅಡುಗೆಮನೆಗೆ ಬಂದ ಕೂಡಲೇ ಯಾವ ಬಾಗಿಲು ತೆರೆಯುತ್ತದೆ ಅಂತ ಮೊದಲೇ ಹೇಳಬೇಕು. ಹಿನ್ನೆಲೆಯ ಬಣ್ಣಕ್ಕಿಂತ ಆ ಬಾಗಿಲಿನ ಬಣ್ಣ ಸ್ವಲ್ಪ ಬೇರೆ ಇರುತ್ತಿತ್ತು. ನಮಗೆ ಕಾರಣ ಗೊತ್ತಿರಲಿಲ್ಲ, ಗೆದ್ದರೆ ಸಾಕಾಗಿತ್ತು. ಕಾರಣ ಇದೇ: ಅಲುಗಾಡಬೇಕಾದ ಬಾಗಿಲು ಸೆಲ್ ಮೇಲೆ ಇರುತ್ತದೆ, ಉಳಿದದ್ದು ಹಿನ್ನೆಲೆಯಲ್ಲಿ. ಎರಡರ ಬಣ್ಣ ಪೂರ್ತಿ ಕೂಡುವುದಿಲ್ಲ.

ರೊಟ್ಟಿಯ ಹಿಟ್ಟು, ಟಗರಿನ ಹಿಂದಡಿ

ಬೆಕ್ಕು ಬಾಗಿಲಿಗೆ ಬಡಿದು ಚಪ್ಪಟೆಯಾಗುತ್ತದೆ. ಬಾಟಲಿಯೊಳಗೆ ತೂರಿ ಬಾಟಲಿಯ ಆಕಾರವೇ ಆಗುತ್ತದೆ. ಆದರೂ ಅದು ಬೆಕ್ಕೇ ಅನ್ನಿಸುತ್ತದೆ, ಅಲ್ವಾ? ಇಲ್ಲೊಂದು ನಿಯಮ ಇದೆ. ಅಗಲ ಹೆಚ್ಚಾದರೆ ಎತ್ತರ ಕಡಿಮೆಯಾಗಬೇಕು, ಉದ್ದಕ್ಕೆ ಎಳೆದರೆ ತೆಳ್ಳಗಾಗಬೇಕು. ಮೈಯ ಒಟ್ಟು ಗಾತ್ರ ಮಾತ್ರ ಅಷ್ಟೇ ಇರಬೇಕು. ಇದಕ್ಕೆ ಸ್ಕ್ವಾಶ್ ಅಂಡ್ ಸ್ಟ್ರೆಚ್ ಅನ್ನುತ್ತಾರೆ. ಅಂದರೆ ಅದುಮುವುದು ಮತ್ತು ಎಳೆಯುವುದು. ಜೋಳದ ಹಿಟ್ಟಿನ ಮುದ್ದೆಯನ್ನು ಅವ್ವ ಬಡಿಯುತ್ತಾ ಹೋದ ಹಾಗೆ ಅದು ಅಗಲವಾಗುತ್ತದೆ, ತೆಳುವಾಗುತ್ತದೆ. ಹಿಟ್ಟು ಹೆಚ್ಚಾಗಲ್ಲ, ಕಡಿಮೆಯಾಗಲ್ಲ. ಟಾಮ್ ಕೂಡ ಹಾಗೇ. ಅಗಲವಾದಾಗ ಎತ್ತರವೂ ಹಾಗೇ ಉಳಿದಿದ್ದರೆ ಅದು ಊದಿದ ಬಲೂನಿನ ಹಾಗೆ ಕಾಣುತ್ತಿತ್ತು, ಪೆಟ್ಟು ಬಿದ್ದದ್ದು ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ನಿಯಮಕ್ಕೆ ಆಂಟಿಸಿಪೇಷನ್ ಅಂತ ಹೆಸರು, ಮುನ್ಸೂಚನೆ ಅನ್ನಬಹುದು. ಓಡುವ ಮೊದಲು ಟಾಮ್ ಒಂದು ಕ್ಷಣ ಹಿಂದಕ್ಕೆ ವಾಲುತ್ತಾನೆ, ಒಂದು ಕಾಲು ಮೇಲೆತ್ತುತ್ತಾನೆ, ಆಮೇಲೆ ಸರ್ ಅಂತ ಮಾಯ. ನಮ್ಮ ಕಡೆ ಟಗರಿನ ಕಾಳಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಗರು ನಿಂತಲ್ಲಿಂದಲೇ ಗುದ್ದಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ಅದು ಹಿಂದೆ ಸರಿದಾಗಲೇ ನೋಡುವವರ ಉಸಿರು ನಿಲ್ಲುತ್ತದೆ. ಆ ಹಿಂದಡಿ ಇಲ್ಲದಿದ್ದರೆ ಗುದ್ದು ಯಾವಾಗ ಬಿತ್ತು ಅಂತಲೇ ಕಣ್ಣಿಗೆ ಸಿಗಲ್ಲ.

ಹದಿನಾಲ್ಕು ಫ್ರೇಮಿನ ಮೌನ

ಈಗ ಹುಡುಗನ ಪ್ರಶ್ನೆಗೆ ಬರೋಣ. ಭೂಮಿಯ ಸೆಳೆತ ಯಾರಿಗೂ ಕಾಯಲ್ಲ. ಅಂಚು ದಾಟಿದ ಮರುಕ್ಷಣವೇ ಬೀಳುವುದು ಶುರು. ಮೊದಲ ಒಂದು ಸೆಕೆಂಡಿನಲ್ಲೇ ಸುಮಾರು 4.9 ಮೀಟರ್ ಕೆಳಗೆ. ಕಾರ್ಟೂನಿನ ತೋಳವೂ ಹಾಗೇ ಬಿದ್ದಿದ್ದರೆ? ಯಾರೂ ನಗುತ್ತಿರಲಿಲ್ಲ. ಅದು ಬರೀ ಅಪಘಾತ ಆಗುತ್ತಿತ್ತು.

ನಗು ಹುಟ್ಟುವುದು ಒಂದು ಅಂತರದಲ್ಲಿ. ಕಾಲ ಕೆಳಗೆ ನೆಲ ಇಲ್ಲ ಅಂತ ನಮಗೆ ಗೊತ್ತು, ತೋಳಕ್ಕೆ ಗೊತ್ತಿಲ್ಲ. ಈ ಅಂತರ ಎಷ್ಟು ಹೊತ್ತು ಇರುತ್ತದೋ ಅಷ್ಟು ಹೊತ್ತು ನಮ್ಮೊಳಗೆ ನಗು ಕಟ್ಟುತ್ತಾ ಹೋಗುತ್ತದೆ. ತೋಳ ಕಾಲಿನಿಂದ ಗಾಳಿಯನ್ನು ತಡವಿ ನೋಡುತ್ತದೆ. ಕೆಳಗೆ ನೋಡುತ್ತದೆ. ನಮ್ಮ ಕಡೆ ತಿರುಗಿ ಒಂದು ಸಲ ಕಣ್ಣು ಮಿಟುಕಿಸುತ್ತದೆ. ಆಗ ಅದಕ್ಕೂ ಗೊತ್ತಾಯಿತು. ಅಂತರ ಮುಗಿಯಿತು. ಇನ್ನು ತಡೆದರೆ ನಗು ಹಳಸುತ್ತದೆ, ಅದಕ್ಕೇ ಬೀಳಿಸುತ್ತಾರೆ. ಕಾರ್ಟೂನಿನಲ್ಲಿ ಬೀಳಿಸುವುದು ಭೂಮಿಯ ಸೆಳೆತ ಅಲ್ಲ, ತಿಳುವಳಿಕೆ.

ಬಿದ್ದ ಮೇಲೂ ಲೆಕ್ಕ ಮುಗಿಯಲ್ಲ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಕ್ಯಾಮೆರಾ ಮೇಲಿನಿಂದ ನೋಡುತ್ತಿರುತ್ತದೆ. ತೋಳ ಚಿಕ್ಕದಾಗುತ್ತಾ ಹೋಗಿ ಚುಕ್ಕಿಯಾಗಿ ಕಾಣೆಯಾಗುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗೆ ಪುಟ್ಟದೊಂದು ಧೂಳಿನ ಮೋಡ. ಚಕ್ ಜೋನ್ಸ್ ಹೇಳಿದ ಪ್ರಕಾರ, ಬಿದ್ದು ಮಾಯವಾಗಲು 18 ಫ್ರೇಮ್, ಆಮೇಲೆ ಧೂಳು ಏಳಲು 14 ಫ್ರೇಮ್. 13 ಆದರೂ ನಗು ಬರಲ್ಲ, 15 ಆದರೂ ಬರಲ್ಲ ಅನ್ನುವುದು ಅವರ ಅನುಭವ. ಒಂದು ಫ್ರೇಮ್ ಅಂದರೆ ಸೆಕೆಂಡಿನ 24ರಲ್ಲಿ ಒಂದು ಪಾಲು. ಕಣ್ಣು ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

18 ಮತ್ತು 14 ಕೂಡಿಸಿದರೆ 32 ಫ್ರೇಮ್, ಅಂದರೆ ಒಂದೂ ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ. ಅಷ್ಟು ಹೊತ್ತಿನಲ್ಲಿ ನಿಜವಾಗಿ ಬೀಳುವುದು ಒಂಬತ್ತು ಮೀಟರಿಗಿಂತ ಕಡಿಮೆ, ಹೆಚ್ಚೂ ಕಡಿಮೆ ಮೂರಂತಸ್ತಿನ ಮನೆಯ ಎತ್ತರ. ಆದರೆ ನೋಡುವ ನಮಗೆ ಅದು ಪಾತಾಳ ಅನ್ನಿಸುತ್ತದೆ. ಆಳವನ್ನು ತೋರಿಸುವುದು ಆ ಖಾಲಿ ಹೊತ್ತು. ವಿಜಯಪುರದ ಗೋಲಗುಂಬಜ ಹತ್ತಿ, ಮೇಲಿನ ಸುತ್ತಿನಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತು. ತಟ್ಟಿದ ಮೇಲೆ ಕಿವಿ ಒಂದು ಕ್ಷಣ ಕಾಯುತ್ತದೆ. ಆಮೇಲೆ ಸದ್ದು ತಿರುಗಿ ಬರುತ್ತದೆ. ಗುಮ್ಮಟ ಎಷ್ಟು ದೊಡ್ಡದು ಅಂತ ಮೈಗೆ ತಿಳಿಯುವುದು ಆ ಕಾಯುವ ಕ್ಷಣದಲ್ಲೇ.

ಜೋನ್ಸ್ ಈ ಸರಣಿಗೆ ಕೆಲವು ಕಟ್ಟುಪಾಡುಗಳನ್ನೂ ಬರೆದಿಟ್ಟಿದ್ದಾರೆ. ಪಕ್ಷಿ ತೋಳಕ್ಕೆ ತಾನಾಗಿ ಏಟು ಕೊಡಬಾರದು. 'ಬೀಪ್ ಬೀಪ್' ಅಂದು ಬೆಚ್ಚಿಸಬಹುದು, ಅಷ್ಟೇ. ತೋಳಕ್ಕೆ ಆಗುವ ನೋವೆಲ್ಲ ಅದರದೇ ಎಡವಟ್ಟಿನಿಂದಲೋ ಆಕ್ಮೆ ಅನ್ನುವ ಕಂಪನಿಯಿಂದ ತರಿಸಿದ ಸಾಮಾನಿನಿಂದಲೋ ಆಗಬೇಕು. ಅದಕ್ಕೆ ಗಾಯಕ್ಕಿಂತ ಅವಮಾನವೇ ಜಾಸ್ತಿ ಆಗಬೇಕು. ಹಾಗಿರುವುದರಿಂದಲೇ ತೋಳ ಬಿದ್ದಾಗ ನಮಗೆ ಸಂಕಟ ಆಗಲ್ಲ. ಮುಂದಿನ ದೃಶ್ಯದಲ್ಲಿ ಅದು ಮತ್ತೊಂದು ಪೆಟ್ಟಿಗೆ ಬಿಚ್ಚುತ್ತಾ ಕೂತಿರುತ್ತದೆ.

ಮಾತಿಲ್ಲದೆ ನಡೆದದ್ದು ಹೇಗೆ?

ನಮ್ಮ ಹೊಸ್ತಿಲ ಗುಂಪಿನಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಮನೆಯಲ್ಲಿ ಕನ್ನಡ ಆಡುವವರು, ಉರ್ದು ಆಡುವವರು, ಬೆಳಗಾವಿಯಿಂದ ರಜೆಗೆ ಬಂದ ಮರಾಠಿ ಮಾತಿನ ಹುಡುಗರು. ಎಲ್ಲರೂ ಒಂದೇ ಕಡೆ ನಗುತ್ತಿದ್ದೆವು. ಬೆಕ್ಕು ಇಲಿ ಮಾತಾಡುವುದೇ ಅಪರೂಪ. ಮಾತಿನ ಕೆಲಸವನ್ನು ಸಂಗೀತ ಮಾಡುತ್ತಿತ್ತು.

ಟಾಮ್ ಅಂಡ್ ಜೆರ್ರಿಗೆ ಸಂಗೀತ ಕೊಟ್ಟವರು ಸ್ಕಾಟ್ ಬ್ರಾಡ್ಲಿ. ಬೆಕ್ಕು ಕಳ್ಳಹೆಜ್ಜೆ ಇಟ್ಟರೆ ಹೆಜ್ಜೆಗೊಂದು ಸ್ವರ, ಮೆಟ್ಟಿಲಿನಿಂದ ಉರುಳಿದರೆ ಸ್ವರವೂ ಉರುಳಬೇಕು. ದೊಡ್ಡಾಟ ನೋಡಿದವರಿಗೆ ಇದರ ರುಚಿ ಗೊತ್ತು. ಪಾತ್ರಧಾರಿ ಕಾಲೆತ್ತಿ ಇಟ್ಟರೆ ಮದ್ದಳೆಯೂ ಅದೇ ಕ್ಷಣ ಬಿದ್ದಿರುತ್ತದೆ. ಅಲ್ಲಿ ಮದ್ದಳೆಯವನು ಕುಣಿತ ನೋಡಿ ಬಾರಿಸುತ್ತಾನೆ. ಇಲ್ಲಿ ಅದಕ್ಕೆ ಕಾಗದದ ಮೇಲೆ ಲೆಕ್ಕ. ಎಂಟು ಫ್ರೇಮಿಗೊಂದು ತಾಳ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಮೂರು ತಾಳ. ಹನ್ನೆರಡಕ್ಕೊಂದು ಅಂದರೆ ಎರಡು. ಓಟ ಎಷ್ಟು ಜೋರು ಅನ್ನುವುದು ಹೀಗೆ ಚಿತ್ರ ಬರೆಯುವ ಮೊದಲೇ ಗೊತ್ತಾಗಿರುತ್ತಿತ್ತು. ವಿಲಿಯಂ ಹ್ಯಾನಾಗೆ ಸಂಗೀತ ಗೊತ್ತಿತ್ತು, ಹಾಗಾಗಿ ಈ ಲೆಕ್ಕ ಅವರ ಕೈಯಲ್ಲಿತ್ತು. ಬಾಲ ಸಿಕ್ಕಿಕೊಂಡಾಗ ಟಾಮ್ ಕಿರುಚುವ ಆ ಕೂಗು ಕೂಡ ಹ್ಯಾನಾ ಅವರದೇ ದನಿ.

ರೋಡ್‌ರನ್ನರಿನ 'ಬೀಪ್ ಬೀಪ್' ಹುಟ್ಟಿದ್ದು ಸ್ಟುಡಿಯೋದ ಓಣಿಯಲ್ಲಿ. ಪಾಲ್ ಜೂಲಿಯನ್ ಹಿನ್ನೆಲೆ ಚಿತ್ರ ಬರೆಯುವ ಕಲಾವಿದ. ದೊಡ್ಡ ಚಿತ್ರ ಹೊತ್ತು ಹೋಗುವಾಗ ಎದುರಿನವರು ಕಾಣದೆ, ದಾರಿ ಬಿಡಲಿ ಅಂತ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಸಂತೆಯಲ್ಲಿ ಮೂಟೆ ಹೊತ್ತವರು "ಸರೀರಿ, ಹಾದಿ ಬಿಡ್ರಿ" ಅನ್ನುವ ಹಾಗೆ. ಅದನ್ನೇ ಪಕ್ಷಿಯ ಬಾಯಿಗೆ ಹಾಕಿದರು.

ಅದೇ ಕಿಟಕಿ ಐದು ಸಲ ಯಾಕೆ?

1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು. ಹ್ಯಾನಾ ಮತ್ತು ಬಾರ್ಬೆರಾ ಸ್ವಂತ ಕಂಪನಿ ಕಟ್ಟಿ ಟಿವಿಗೆ ಕೆಲಸ ಶುರು ಮಾಡಿದರು. ಟಿವಿಯಲ್ಲಿ ದುಡ್ಡು ಕಡಿಮೆ, ವಾರ ವಾರವೂ ಹೊಸದು ಬೇಕು. ಹಾಗಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಮೈ ಹಾಗೇ ಇಟ್ಟು ಬಾಯಿ ಮಾತ್ರ ಅಲುಗಿಸುವುದು, ಓಡುವಾಗ ಹಿಂದಿನ ಗೋಡೆಯನ್ನು ಸುತ್ತಿ ಸುತ್ತಿ ತರುವುದು. ಅದೇ ಕಿಟಕಿ, ಅದೇ ದೀಪ, ಮತ್ತೆ ಅದೇ ಕಿಟಕಿ. ಅವರ ಟಿವಿ ಕಾರ್ಟೂನಿನ ಯೋಗಿ ಅನ್ನುವ ಕರಡಿಯ ಕೊರಳಲ್ಲಿ ಕಾಲರ್ ಇರುವುದೂ ಇದಕ್ಕೇ. ತಲೆ ಬೇರೆ ಹಾಳೆಯಲ್ಲಿ, ಮೈ ಬೇರೆ ಹಾಳೆಯಲ್ಲಿ ಇದ್ದರೆ ಕೂಡಿದ ಗೆರೆಯನ್ನು ಕಾಲರ್ ಮುಚ್ಚುತ್ತದೆ.

ನಮ್ಮ ಓಣಿಗೆ ಬಂದ ದಾರಿ

ಬೇರೆ ಬೇರೆ ಕಾಲದ ಇಷ್ಟೆಲ್ಲ ಕಾರ್ಟೂನು ಒಂದೇ ಚಾನೆಲ್‌ನಲ್ಲಿ ಸಿಕ್ಕಿದ್ದಕ್ಕೆ ಕಾರಣ ವ್ಯಾಪಾರ. ಅಮೆರಿಕದ ಟರ್ನರ್ ಕಂಪನಿ 1986ರಲ್ಲಿ ಎಂಜಿಎಂನ ಹಳೇ ಚಿತ್ರಗಳ ಹಕ್ಕು ಕೊಂಡಿತು, 1991ರಲ್ಲಿ ಹ್ಯಾನಾ-ಬಾರ್ಬೆರಾ ಕಂಪನಿಯನ್ನೂ ಕೊಂಡಿತು. ಕೈಯಲ್ಲಿ ಅಷ್ಟು ಸರಕು ಇದ್ದದ್ದಕ್ಕೇ 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು. ಭಾರತಕ್ಕೆ ಬಂದದ್ದು 1995ರಲ್ಲಿ. ಆಗ ಅದು ಹಳೇ ಇಂಗ್ಲಿಷ್ ಸಿನಿಮಾ ಹಾಕುವ ಇನ್ನೊಂದು ಚಾನೆಲ್ ಜೊತೆ ಹೊತ್ತು ಹಂಚಿಕೊಂಡಿತ್ತು. ಹಗಲು ಕಾರ್ಟೂನ್, ಕತ್ತಲಾದ ಮೇಲೆ ಸಿನಿಮಾ. ಕನ್ನಡದಲ್ಲೇ ಮಾತಾಡುವ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದದ್ದು 2009ರಲ್ಲಿ. ಅಷ್ಟೊತ್ತಿಗೆ ನಾವು ದೊಡ್ಡವರಾಗಿದ್ದೆವು.

ಒಂದು ಮಾತು ಪಾಲಕರಿಗೆ. ಟಾಮ್‌ನ ಹಳೇ ಚಿತ್ರಗಳಲ್ಲಿ ಮನೆಗೆಲಸದ ಕಪ್ಪು ಹೆಂಗಸಿನ ಪಾತ್ರ ಬರುತ್ತದೆ, ಹೆಚ್ಚಾಗಿ ಕಾಲಷ್ಟೇ ಕಾಣುತ್ತದೆ. ಬಾಂಬ್ ಸಿಡಿದು ಮುಖ ಕಪ್ಪಾಗುವ ಹಾಸ್ಯವೂ ಇದೆ. ಕಪ್ಪು ಜನರನ್ನು ಕೀಳಾಗಿ ತೋರಿಸಿದ ಆ ಕಾಲದ ಪದ್ಧತಿ ಅದು, ಅಮೆರಿಕದಲ್ಲಿ ಆಗಲೇ ಅದಕ್ಕೆ ವಿರೋಧ ಬಂದಿತ್ತು. ಅದಕ್ಕೇ ಇಂಥ ಕೆಲವು ದೃಶ್ಯಗಳನ್ನು ನಂತರ ಟಿವಿಯಲ್ಲಿ ಕತ್ತರಿಸಿದರು. ಮಕ್ಕಳು ಕೇಳಿದರೆ ನಿಜ ಹೇಳುವುದು ಒಳ್ಳೇದು. ನಾನು ಹೇಳಿದೆ, ಅವನಿಗೆ ಅರ್ಥವೂ ಆಯಿತು.

ಇನ್ನೂರು ಪುಟದ ನೋಟ್‌ಬುಕ್ಕು

ಇಷ್ಟು ಕೇಳಿದ ಮೇಲೆ ಹುಡುಗ ಸುಮ್ನೆ ಕೂರಲಿಲ್ಲ. ಹೋದ ವರ್ಷದ 200 ಪುಟದ ನೋಟ್‌ಬುಕ್ ತಂದ. ಅದರಲ್ಲಿ 100 ಹಾಳೆ. ಮೂಲೆಯಲ್ಲಿ ಹಾಳೆಗೊಂದು ಚಿತ್ರ ಬರೆದು ಹೆಬ್ಬೆರಳಿನಿಂದ ಸರ್ ಅಂತ ಬಿಟ್ಟರೆ ಎಂಟು ಸೆಕೆಂಡಿನ ಸಿನಿಮಾ. ಟಗರು ಒಬ್ಬ ಮನುಷ್ಯನನ್ನು ಅಟ್ಟಿಸಿಕೊಂಡು ಬರುತ್ತದೆ, ಮನುಷ್ಯ ಬಾವಿಗೆ ಬೀಳುತ್ತಾನೆ. ಎರಡು ದಿನ ಕೂತು ಬರೆದ. ಆಯಿಗೆ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ನೋಡಿ "ಚಂದ ಐತಿ ಬಿಡು" ಅಂದಳು. ನಗಲಿಲ್ಲ.

ಬಂದು ನನ್ನ ಮುಂದೆ ಹಿಡಿದ. ಮನುಷ್ಯ ಬಾವಿಯೊಳಗೆ ಚುಕ್ಕಿಯಾದ ಮುಂದಿನ ಹಾಳೆಯಲ್ಲೇ ನೀರು ಚಿಮ್ಮಿತ್ತು. ಅವನೇ ಲೆಕ್ಕ ಹಾಕಿದ. 14 ಫ್ರೇಮ್, ಎರಡಕ್ಕೊಂದು ಚಿತ್ರ, ಅಂದರೆ ಏಳು. ನೀರು ಚಿಮ್ಮುವ ಚಿತ್ರಗಳನ್ನು ಅಳಿಸಿ, ನಡುವೆ ಏಳು ಹಾಳೆಗಳಲ್ಲಿ ಬರೀ ಬಾವಿ ಬರೆದ, ಆಮೇಲೆ ಮತ್ತೆ ನೀರು. ಸಂಜೆ ಆಯಿ ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು ಕೂತಳು. ಅವನು ಹೆಬ್ಬೆರಳು ಬಿಟ್ಟ. ಟಗರು ಓಡಿತು, ಮನುಷ್ಯ ಬಿದ್ದ, ಬಾವಿ ಸುಮ್ಮನಿತ್ತು. ಆಯಿ ನೋಟ್‌ಬುಕ್ಕಿನ ಹತ್ತಿರಕ್ಕೆ ಬಗ್ಗಿದಳು. ನೀರು ಚಿಮ್ಮಿತು.

"ಯಪ್ಪಾ, ಬಿದ್ದನಲ್ಲೋ!" ಅಂತ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇನ್ನೊಮ್ಮೆ ಬಿಡು ನೋಡೋಣು."